ಹೆಸರು ಬದಲಾಗುವವರೆಗೆ ಗಾಡಿ ನನ್ನದೇ

2009ರ ಶ್ರಾವಣ. ಬೆಳಿಗ್ಗೆ ಹಳೆಯ ಗಾಡಿ ಮಾರುವ ನನ್ನ ಅಂಗಡಿಯ ಕದ ತೆಗೆದು ಊದಿನಕಡ್ಡಿ ಹಚ್ಚುವ ಹೊತ್ತಿಗೆ ನಮ್ಮ ಮಾಸ್ತರರು ಬಂದು ಬಾಕಿನ ಮೇಲೆ ಕುಳಿತರು. ಐದನೆಯ ಇಯತ್ತೆಯಲ್ಲಿ ನನಗೆ ಲೆಕ್ಕ ಕಲಿಸಿದವರು. ಆ ಹೊತ್ತಿಗೆ ನಿವೃತ್ತರಾಗಿ ಆರು ವರ್ಷವಾಗಿತ್ತು. ಕೈಯಲ್ಲಿ ಒಂದು ಕಂದು ಲಕೋಟೆ. ಮಳೆಗೆ ತೋಯದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. “ತಮ್ಮಾ, ಆ ವ್ಯಾನು ನಿನ್ನ ಮುಂದೆಯೇ ಮಾರಿ ಮೂರು ವರ್ಷವಾಯಿತಲ್ಲ. ಇದರಲ್ಲಿ ನನ್ನ ಹೆಸರು ಏಕೆ ಬಂದಿದೆ, ಓದಿ ಹೇಳು” ಎಂದರು. ಓದಲು ಅವರಿಗೆ ಬರುತ್ತಿತ್ತು. ಅವರಿಗೆ ಅದನ್ನು ನನ್ನ ಬಾಯಿಂದ ಕೇಳಬೇಕಿತ್ತು.

ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ನೋಟಿಸು. ಮಾಸ್ತರರ ಹಳೆಯ ಓಮ್ನಿ ವ್ಯಾನು ನಸುಕಿನಲ್ಲಿ ಕಬ್ಬು ಕಡಿಯಲು ಹೊರಟಿದ್ದ ಒಬ್ಬ ಕೂಲಿಯವನಿಗೆ ಗುದ್ದಿತ್ತು. ಅವನ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಗಾಡಿಯ ವಿಮೆ ಎಂದೋ ಮುಗಿದಿತ್ತು. ಓಡಿಸುತ್ತಿದ್ದವನು ನಾನು ಗಾಡಿ ಮಾರಿಕೊಟ್ಟಿದ್ದ ಮನುಷ್ಯನೂ ಆಗಿರಲಿಲ್ಲ. ನನ್ನಿಂದ ಕೊಂಡವನು ಇನ್ನೊಬ್ಬನಿಗೆ, ಆ ಇನ್ನೊಬ್ಬ ಮತ್ತೊಬ್ಬನಿಗೆ ದಾಟಿಸಿದ್ದರು. ಮೂರು ಕೈ ಬದಲಾದರೂ ಆರ್‌.ಸಿ. ಪುಸ್ತಕದಲ್ಲಿ ಮಾಸ್ತರರ ಹೆಸರೇ ಕುಳಿತಿತ್ತು.

ಅದಕ್ಕೆ ಕಾರಣ ನಾನು. ಮಾರಾಟದ ದಿನ ಹೆಸರು ಬದಲಾವಣೆಯ ಫಾರ್ಮ್ 29 ಮತ್ತು 30ರ ಖಾಲಿ ಹಾಳೆಗಳ ಮೇಲೆ ಅವರ ಸಹಿ ತೆಗೆದುಕೊಂಡು, ಕೊಂಡವನ ಕೈಗಿಟ್ಟು, “ನಿಮ್ಮ ಅನುಕೂಲ ನೋಡಿ ಹೆಸರು ಮಾಡಿಸಿಕೊಳ್ಳಿ” ಎಂದು ಕಳಿಸಿದ್ದೆ. ನಮ್ಮ ದಂಧೆಯಲ್ಲಿ ಆಗ ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮು ಬೇರೆಯದನ್ನೇ ಹೇಳುತ್ತದೆ: ಗಾಡಿ ಕೊಟ್ಟವನು ರಾಜ್ಯದೊಳಗಾದರೆ 14 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು, ಕೊಂಡವನು 30 ದಿನಗಳಲ್ಲಿ ಹೆಸರು ಮಾಡಿಸಿಕೊಳ್ಳಬೇಕು. ಆ ಸಾಲುಗಳನ್ನು ನಾನು ಮೊದಲ ಸಲ ಓದಿದ್ದು ವಕೀಲರ ಕಚೇರಿಯಲ್ಲಿ. ಹನ್ನೊಂದು ವರ್ಷ ಗಾಡಿ ಮಾರಿದ ಮೇಲೆ.

ಪ್ರಕರಣ ನಾಲ್ಕು ವರ್ಷ ನಡೆಯಿತು. ಪ್ರತಿ ತಾರೀಖಿಗೂ ಮಾಸ್ತರರನ್ನು ನಾನೇ ಕರೆದುಕೊಂಡು ಹೋದೆ. ಅವರು ದಾರಿಯುದ್ದಕ್ಕೂ ನನ್ನನ್ನು ಒಂದು ಮಾತೂ ಬೈಯಲಿಲ್ಲ; ಬೈದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತು. ಕಾಲು ಕಳೆದುಕೊಂಡವನು ನ್ಯಾಯಾಲಯದ ಕಟ್ಟೆಯ ಮೇಲೆ ಊರುಗೋಲು ಪಕ್ಕಕ್ಕಿಟ್ಟು ಕುಳಿತಿರುತ್ತಿದ್ದ. ಒಂದು ದಿನ ಅವನ ಹೆಂಡತಿ ನನ್ನ ಹತ್ತಿರ ಬಂದು, “ಅಣ್ಣಾ, ಪುಸ್ತಕದಲ್ಲಿ ಯಾರ ಹೆಸರಿದ್ದರೂ ನಮಗೆ ಅಷ್ಟೇ. ಹಣ ಕೊಡುವವರು ಯಾರು, ಅದೊಂದನ್ನು ಹೇಳಿ” ಎಂದಳು. ಹೆಸರು ಯಾರದೆಂದು ತೀರ್ಮಾನವಾಗದೆ ಅವರ ಮನೆಗೆ ಒಂದು ರೂಪಾಯಿ ಬರುತ್ತಿರಲಿಲ್ಲ. ನಾನು ತುಂಬಿಸದೆ ಬಿಟ್ಟ ಎರಡು ಹಾಳೆ ಒಂದು ಕಡೆ ನನ್ನ ಗುರುಗಳನ್ನು, ಇನ್ನೊಂದು ಕಡೆ ಈ ಸಂಸಾರವನ್ನು ಹಿಡಿದು ನಿಲ್ಲಿಸಿತ್ತು. ತೀರ್ಪು ಬಂದಾಗ ಆ ಹಣವನ್ನು ಮಾಸ್ತರರ ಪಿಂಚಣಿಯಿಂದ ಕಟ್ಟಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಮನೆ ಕಟ್ಟಲೆಂದು ಇಟ್ಟುಕೊಂಡಿದ್ದ ಎರಡು ಗುಂಟೆ ಜಾಗ ಮಾರಿದೆ. ಮುಂದೆ 2018ರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣವೊಂದರಲ್ಲಿ, ಗಾಡಿ ಎಷ್ಟು ಕೈ ದಾಟಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರ ಅವರ ಮೇಲೆಯೇ ಎಂದು ಹೇಳಿತು. ಪತ್ರಿಕೆಯಲ್ಲಿ ಬಂದ ಆ ಸುದ್ದಿಯನ್ನು ಕತ್ತರಿಸಿ ಗಾಜಿನ ಕೆಳಗೆ ಇಟ್ಟಿದ್ದೇನೆ. ಖಾಲಿ ಫಾರ್ಮು ಕೇಳುವವರಿಗೆ ಅದನ್ನು ತೋರಿಸುತ್ತೇನೆ.

ನಮ್ಮದು ಬಾಗಲಕೋಟೆ ಜಿಲ್ಲೆಯ ಒಂದು ಪುರಸಭೆಯ ಊರು, ಜಮಖಂಡಿಯಿಂದ ಬಹಳ ದೂರವೇನಲ್ಲ. ಇಲ್ಲಿ ಬರೆಯುತ್ತಿರುವುದರಲ್ಲಿ ಬೇರೆಯವರ ಮನೆಯ ವಿಷಯಗಳೂ ಇರುವುದರಿಂದ ಊರಿನ ಹೆಸರು ಬೇಡ. ಅಪ್ಪ ಬಾಡಿಗೆ ಅಂಬಾಸಡರ್ ಓಡಿಸುತ್ತಿದ್ದರು. ಶಾಲೆ ಬಿಟ್ಟ ಮೇಲೆ ನಾನು ಗ್ಯಾರೇಜಿಗೆ ಸೇರಿದೆ. ಅಲ್ಲಿಯ ಹಿರಿಯ ಮಿಸ್ತ್ರಿಯನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಎಂಜಿನ್ನಿನ ಸದ್ದನ್ನು ಪಾನಾದ (ಸ್ಪ್ಯಾನರಿನ) ಒಂದು ತುದಿ ಕಿವಿಗೆ, ಇನ್ನೊಂದು ತುದಿ ಲೋಹಕ್ಕೆ ಹಚ್ಚಿ ಕೇಳುವುದನ್ನು ಕಲಿಸಿದವರು ಅವರೇ. 1998ರಲ್ಲಿ ಒಬ್ಬ ಡಾಕ್ಟರರಿಂದ 1991ರ ಮಾರುತಿ 800 ಕೊಂಡೆ. ಜಿಲ್ಲೆ ಬೇರೆಯಾದದ್ದು 1997ರಲ್ಲಿ. ಆ ಗಾಡಿ ನೋಂದಣಿಯಾದಾಗ ನಾವು ಇನ್ನೂ ವಿಜಾಪುರದವರು, ಹಾಗಾಗಿ ಕೆಎ 28ರ ಪಾಸಿಂಗ್. ಇಪ್ಪತ್ತು ದಿನ ಅದರ ಮೇಲೆ ದುಡಿದು ಆರು ಸಾವಿರ ಲಾಭಕ್ಕೆ ಮಾರಿದೆ. ಅಂದು ಅಪ್ಪ ಆ ಆರು ಸಾವಿರವನ್ನು ದೇವರ ಮುಂದಿಟ್ಟು, “ಇನ್ನು ನೀನು ಸ್ಟೇರಿಂಗ್ ಹಿಡಿಯುವುದು ಬೇಡ, ಚಾವಿ ಹಿಡಿ” ಎಂದರು.

ನಮ್ಮ ಭಾಗದಲ್ಲಿ ಹಳೆಯ ಗಾಡಿಯ ವ್ಯಾಪಾರ ಕಬ್ಬಿನ ಬಿಲ್ಲಿನ, ಅಂದರೆ ಸಕ್ಕರೆ ಕಾರ್ಖಾನೆ ರೈತರಿಗೆ ಕೊಡುವ ಹಣದ, ಜೊತೆ ಏರುತ್ತದೆ, ಅದರ ಜೊತೆಯೇ ಇಳಿಯುತ್ತದೆ. ದೀಪಾವಳಿ ಪಾಡ್ಯಕ್ಕೆ ಮನಸ್ಸು ಮಾಡುತ್ತಾರೆ, ಕಾರ್ಖಾನೆಯ ಮೊದಲ ಬಿಲ್ಲು ಬಂದಾಗ ಇಸಾರ (ಮುಂಗಡ) ಕೊಡುತ್ತಾರೆ, ಉಳಿದದ್ದು ಯುಗಾದಿಯ ಆಚೆ ಈಚೆ. ಬಿಲ್ಲು ತಡವಾದರೆ ನನ್ನ ಅಂಗಳದಲ್ಲಿ ಗಾಡಿಗಳು ಧೂಳು ತಿನ್ನುತ್ತವೆ. ಆದ್ದರಿಂದ ನಾನು ಸಾಲದ ಹಣದಿಂದ ಗಾಡಿ ತುಂಬಿಸಿ ನಿಲ್ಲಿಸುವುದಿಲ್ಲ. ಹನ್ನೆರಡು ಹದಿನಾಲ್ಕು ಗಾಡಿ, ಅದಕ್ಕಿಂತ ಹೆಚ್ಚಿಲ್ಲ. ಹೆಚ್ಚು ಓಡುವುದು ಬೊಲೆರೊ, ಕ್ರೂಸರ್, ಆಲ್ಟೊ, ಸ್ವಿಫ್ಟ್. ಬಣ್ಣ ಬಿಳಿಯಾಗಿದ್ದರೆ ಎಂಟು ದಿನ ಮೊದಲೇ ಹೋಗುತ್ತದೆ.

ಕೊಳ್ಳಲು ಒಬ್ಬರೇ ಬರುವುದಿಲ್ಲ. ಗೌಡರು, ಅವರ ತಮ್ಮ, ಅಳಿಯ, ಪರಿಚಯದ ಮಿಸ್ತ್ರಿ, ಕೊನೆಗೆ ಮನೆಯ ಹಿರಿಯ ಅವ್ವ. ತೀರ್ಮಾನ ಅವ್ವನದು. ಆಕೆ ಬಾನೆಟ್ ಕಡೆ ನೋಡುವುದೇ ಇಲ್ಲ. ಹಿಂದಿನ ಸೀಟಿನಲ್ಲಿ ಹತ್ತಿ ಕುಳಿತು ಮೊಣಕಾಲು ತಾಗುತ್ತದೆಯೇ ನೋಡುತ್ತಾಳೆ, ಇಳಿದು ನನ್ನ ಮುಖ ನೋಡುತ್ತಾಳೆ. “ಇದರಲ್ಲಿ ಏನು ಊನ ಇದೆ, ನೀನೇ ಹೇಳಿಬಿಡು” ಎಂದು ಒಬ್ಬ ಅವ್ವ ಕೇಳಿದ್ದಳು. ಅಂದಿನಿಂದ ಬೆಲೆ ಹೇಳುವ ಮೊದಲು ಊನ ಹೇಳುವುದನ್ನು ರೂಢಿ ಮಾಡಿಕೊಂಡೆ. ಪ್ರತಿ ಗಾಡಿಯ ಗಾಜಿಗೆ ಒಂದು ಹಾಳೆ ಅಂಟಿಸಿರುತ್ತೇನೆ: ಎಡ ಬಾಗಿಲು ಬಣ್ಣ ಮಾಡಿಸಿದ್ದು, ಕ್ಲಚ್ ಪ್ಲೇಟ್ ಇನ್ನು ಹತ್ತು ಸಾವಿರ ಕಿಲೋಮೀಟರ್ ಬಂದರೆ ಹೆಚ್ಚು, ಎರಡು ಟೈರ್ ಬದಲಿಸಬೇಕು. ಮೊದಮೊದಲು ಉಳಿದ ವ್ಯಾಪಾರಿಗಳು ನನಗೆ ತಲೆ ಕೆಟ್ಟಿದೆ ಎಂದರು. ಆ ವರ್ಷ ವ್ಯಾಪಾರ ಕಡಿಮೆಯಾದದ್ದು ನಿಜ. ಮರುವರ್ಷ ಚೌಕಾಸಿ ಕಡಿಮೆಯಾಯಿತು.

ಮದುವೆಯ ಹಂಗಾಮಿನಲ್ಲಿ ಅಳಿಯನಿಗೆ ಕೊಡಲು ಗಾಡಿ ಹುಡುಕಿಕೊಂಡು ಹೆಣ್ಣಿನ ತಂದೆ ಬರುತ್ತಾರೆ. ಬಡ್ಡಿಗೆ ಹಣ ತಂದಿರುತ್ತಾರೆ, ನನಗೆ ಗೊತ್ತಿರುತ್ತದೆ. ವರದಕ್ಷಿಣೆಯ ವ್ಯಾಪಾರ ನನಗೆ ಬೇಡ ಎಂದು ಹಲವರನ್ನು ಹಿಂದೆ ಕಳಿಸಿದೆ. ಅವರು ಪಕ್ಕದ ಊರಿನಲ್ಲಿ ಕೊಂಡು ಕೊಟ್ಟರು. ಆಮೇಲೆ ಬೇರೆ ಹಾದಿ ಹಿಡಿದೆ. ಮನೆಯವರನ್ನು ಒಪ್ಪಿಸಲು ಕೂತು ಮಾತಾಡುತ್ತೇನೆ, ಒಪ್ಪದಿದ್ದರೆ ಒಂದೇ ಷರತ್ತು ಹಾಕುತ್ತೇನೆ: ಆರ್‌.ಸಿ. ಮಗಳ ಹೆಸರಿಗೆ ಆಗಬೇಕು. ಹೀಗೆ ಮಾಡಿಸಿದ ಒಂದು ಗಾಡಿಯನ್ನು ಒಬ್ಬ ಹೆಣ್ಣುಮಗಳು ಮೂರು ವರ್ಷದ ಮೇಲೆ ತವರಿಗೆ ತಾನೇ ಓಡಿಸಿಕೊಂಡು ಬಂದಳು. ಅದನ್ನು ಮಾರಿ ಬಂದ ಹಣದಲ್ಲಿ ಹೊಲಿಗೆ ಅಂಗಡಿ ಹಾಕಿಕೊಂಡಿದ್ದಾಳೆ. ನಾನು ಅದರಲ್ಲಿ ಒಂದು ರೂಪಾಯಿ ದಲ್ಲಾಳಿಯನ್ನೂ ತೆಗೆದುಕೊಳ್ಳಲಿಲ್ಲ.

ಮಾಸ್ತರರ ಪ್ರಕರಣದ ನಂತರ ನನ್ನ ಪದ್ಧತಿ ಹೀಗಿದೆ. ಕೊಡುವವರು, ಕೊಳ್ಳುವವರು ಇಬ್ಬರೂ ಎದುರಿಗೆ ಕುಳಿತು ತುಂಬಿದ ಫಾರ್ಮಿನ ಮೇಲೆ ಸಹಿ ಮಾಡಬೇಕು. ಸಾಲದ ಗಾಡಿಯಾಗಿದ್ದರೆ ಮೊದಲು ಆಕ್ಷೇಪವಿಲ್ಲ ಎಂಬ ಬ್ಯಾಂಕಿನ ಪತ್ರ (ಎನ್‌ಒಸಿ) ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35, ಆಮೇಲೆ ಮಾತು. ಡೆಲಿವರಿ ಚೀಟಿಯ ಮೇಲೆ ತಾರೀಖಿನ ಜೊತೆ ಗಂಟೆ, ನಿಮಿಷ ಬರೆಯುತ್ತೇನೆ; ಬೆಳಿಗ್ಗೆ 11.40ಕ್ಕೆ ಚಾವಿ ಕೊಟ್ಟಿದ್ದರೆ 11.30ರ ಅಪಘಾತ ಯಾರದು, 11.50ರ ದಂಡ ಯಾರದು ಎಂಬುದಕ್ಕೆ ಜಗಳವಿರುವುದಿಲ್ಲ. ವಿಮೆಯ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಗಾಡಿಯ ಜೊತೆ ಮೂರನೆಯವರ (ಥರ್ಡ್ ಪಾರ್ಟಿ) ವಿಮೆ ತಾನಾಗಿ ಬರುತ್ತದೆ, ಆದರೆ ಸ್ವಂತ ಗಾಡಿಯ ಹಾನಿಗೆ ಬರುವ ವಿಮೆಯನ್ನು ಕೊಂಡವರು 14 ದಿನಗಳೊಳಗೆ ಅರ್ಜಿ ಕೊಟ್ಟು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಮುಟ್ಟುವುದಿಲ್ಲ. 2017ರ ಏಪ್ರಿಲ್‌ನಿಂದ ಅದು ಕಾನೂನಿಗೇ ವಿರುದ್ಧ. ಕಬ್ಬಿನ ಬಿಲ್ಲು ಬ್ಯಾಂಕಿಗೇ ಬರುವಾಗ ನಗದಿನ ಹಟ ಏಕೆಂದು ನನಗೆ ಇಂದಿಗೂ ಅರ್ಥವಾಗಿಲ್ಲ.

2023ರ ಏಪ್ರಿಲ್‌ನಿಂದ ಕೇಂದ್ರದ ಹೊಸ ನಿಯಮ ಬಂದಿದೆ. ಹಳೆಯ ಗಾಡಿಯ ವ್ಯಾಪಾರಿ ಫಾರ್ಮ್ 29ಎ ತುಂಬಿ ಆರ್‌ಟಿಒದಿಂದ ಅಧಿಕೃತ ಡೀಲರ್ ಪತ್ರ ಪಡೆಯಬೇಕು. ಗಾಡಿ ಅಂಗಳಕ್ಕೆ ಬಂದ ಕೂಡಲೇ 29ಸಿ ತುಂಬಿ ತಿಳಿಸಿದರೆ, ಅದು ಮುಂದೆ ಮಾರಾಟವಾಗುವವರೆಗೆ ಡೀಲರನೇ ಮಾಲೀಕನೆಂದು ಲೆಕ್ಕ. ನನ್ನ ಸ್ನೇಹಿತರು ಹಲವರು ಇದನ್ನು ಹೊರೆ ಎಂದರು. ಈ ನಿಯಮ ಹದಿನೇಳು ವರ್ಷ ಮೊದಲು ಬಂದಿದ್ದರೆ ಮಾಸ್ತರರು ಆ ಕಟ್ಟೆ ಹತ್ತುತ್ತಿರಲಿಲ್ಲ. ನಿಯಮ ಜಾರಿಯಾದ ವಾರವೇ ನಾನು ಅರ್ಜಿ ಹಾಕಿದೆ.

ಊರಿನ ಕೆಲಸಕ್ಕೆ ಇಳಿದದ್ದೂ ಈ ಕಾಗದಗಳಿಂದಲೇ. ಆರ್‌.ಸಿ. ಹೆಸರು ಬದಲಾವಣೆ ಸರಿಯಾಗಿ ಮಾಡಿಸಿಕೊಡುತ್ತಾನೆ ಎಂದು ಜನ ಬರತೊಡಗಿದರು. ಬಂದವರು ಮನೆಯ ಉತಾರವನ್ನೂ (ಆಸ್ತಿ ದಾಖಲೆ) ತಂದರು, ಸತ್ತ ತಂದೆಯ ಹೆಸರಿನ ನಳದ ಬಿಲ್ಲನ್ನೂ ತಂದರು. ನಾನು ಮಾಡುತ್ತಿದ್ದದ್ದು ದೊಡ್ಡದೇನಲ್ಲ. ಅರ್ಜಿ ಬರೆದು ಕೊಡುವುದು, ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಪಡೆಯದೆ ಎದ್ದು ಬರಬೇಡಿ ಎನ್ನುವುದು, ಸರ್ಕಾರದ ‘ಸಕಾಲ’ ಯೋಜನೆಯಲ್ಲಿ ಬರುವ ಸೇವೆಯಾಗಿದ್ದರೆ ಆ ಸಂಖ್ಯೆಯನ್ನು ಡೈರಿಯಲ್ಲಿ ಗುರುತು ಹಾಕಿಟ್ಟು ದಿನ ಎಣಿಸುವುದು. ಸಂಜೆ ಆರರಿಂದ ಏಳರವರೆಗೆ ನನ್ನ ಮೇಜು ಅದಕ್ಕೇ ಮೀಸಲಾಯಿತು. ವ್ಯಾಪಾರದ ಗಿರಾಕಿ ಬಂದರೆ ಹೊರಗೆ ಚಹಾ ಕುಡಿಯುತ್ತ ಕಾಯಬೇಕಾಗುತ್ತಿತ್ತು. 2018ರಲ್ಲಿ ಓಣಿಯವರೇ ಕೂಡಿ ಪುರಸಭೆಯ ಚುನಾವಣೆಗೆ ಪಕ್ಷೇತರನಾಗಿ ನಿಲ್ಲಿಸಿದರು. ಆಗಸ್ಟ್ 31ಕ್ಕೆ ರಾಜ್ಯದ ನೂರಕ್ಕೂ ಹೆಚ್ಚು ಊರುಗಳಲ್ಲಿ ಮತದಾನವಾಯಿತು. ಸೆಪ್ಟೆಂಬರ್ 3ಕ್ಕೆ ನಾನು ಗೆದ್ದೆ.

ಗೆದ್ದರೂ ಕುಳಿತುಕೊಳ್ಳಲು ಸಭೆ ಇರಲಿಲ್ಲ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ಪಟ್ಟಿ ನ್ಯಾಯಾಲಯದಲ್ಲಿ ಸಿಲುಕಿತು. ಆಡಳಿತಾಧಿಕಾರಿಗಳ ಕೈಯಲ್ಲಿ ಊರುಗಳು ನಡೆದವು. 2020ರ ಕೊನೆಯ ಹೊತ್ತಿಗೆ ಅಧ್ಯಕ್ಷರ ಆಯ್ಕೆಯಾಗುವವರೆಗೆ ನಾವು ಗೆದ್ದ ಪ್ರಮಾಣಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಕುಳಿತೆವು. ಚರಂಡಿ ತುಂಬಿದೆ ಎಂದು ಬಂದವರಿಗೆ ನನಗೆ ಅಧಿಕಾರವಿಲ್ಲ ಎಂದು ಹೇಳಲು ನಾಚಿಕೆಯಾಗುತ್ತಿತ್ತು. ಅದೇ ಎರಡು ವರ್ಷದ ನಡುವೆ ಹೊಳೆ ಬಂತು.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಏರಿದ್ದನ್ನು ನಮ್ಮ ಕಡೆಯವರು ಯಾರೂ ಮರೆಯುವುದಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ, ಸಾಂಗ್ಲಿ ಪೇಟೆ ನೀರಿನಲ್ಲಿ, ಕೆಳಗೆ ನಮ್ಮ ಜಮಖಂಡಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಗಳು ಒಂದೊಂದಾಗಿ ನಡುಗಡ್ಡೆಯಾದವು. ಅಂಗಳದಲ್ಲಿದ್ದ ಮೂರು ಕ್ರೂಸರ್, ಎರಡು ಬೊಲೆರೊಗಳಿಗೆ ಡೀಸೆಲ್ ತುಂಬಿಸಿ ಗ್ಯಾರೇಜಿನ ಹುಡುಗರ ಕೈಗೆ ಕೊಟ್ಟೆ. ಮೊದಲ ದಿನ ಖಾಲಿ ತಿರುಗಿ ಬಂದರು. ಜನ ಹತ್ತಲು ಒಪ್ಪಿರಲಿಲ್ಲ. ಚಾಚಾ ಹೇಳಿದರು: “ಮನುಷ್ಯರನ್ನು ಕರೆದರೆ ಬರುವುದಿಲ್ಲ, ಎಮ್ಮೆಗೆ ಜಾಗ ಮಾಡು.” ಅಂದು ರಾತ್ರಿ ಉಳಿದ ಗಾಡಿಗಳನ್ನೆಲ್ಲ ರಸ್ತೆಯ ಬದಿಗೆ ಸರಿಸಿ ಅಂಗಳದಲ್ಲಿ ಗೂಟ ಹೊಡೆಸಿದೆ. ಮೇವಿಗೆ ಕಬ್ಬಿನ ವಾಡೆ ತರಿಸಿದೆ. ಮರುದಿನ ಟ್ರ್ಯಾಕ್ಟರುಗಳಲ್ಲಿ ಎಮ್ಮೆಗಳು ಬಂದವು; ಅವುಗಳ ಹಿಂದೆ ಜನರೂ ಬಂದರು. ಶಾಲೆಯ ಗಂಜಿ ಕೇಂದ್ರದಲ್ಲಿ ಉಂಡು, ರಾತ್ರಿ ಎಮ್ಮೆಗಳ ಬಳಿ ಬಂದು ಮಲಗುತ್ತಿದ್ದರು. ಹನ್ನೊಂದು ದಿನ ನನ್ನ ಅಂಗಳದಲ್ಲಿ ಒಂದೂ ಗಾಡಿ ಮಾರಾಟವಾಗಲಿಲ್ಲ. ಆ ಹನ್ನೊಂದು ದಿನ ನನಗೆ ಅಧಿಕಾರವಿಲ್ಲ ಎಂಬುದು ಒಮ್ಮೆಯೂ ನೆನಪಿಗೆ ಬರಲಿಲ್ಲ.

ನೀರು ಇಳಿದ ಮೇಲೆ ಮನೆಗಳಿಂದ ಕೆಸರು ಎತ್ತಲು ಹೋದೆವು. ಹೊಳೆಯ ಮೆಕ್ಕಲಿಗೆ ಒಂದು ವಾಸನೆ ಇದೆ: ಕೊಳೆತ ಹುಲ್ಲು, ಸೀಮೆಎಣ್ಣೆ, ಹಸಿ ಗೋಡೆ ಎಲ್ಲ ಸೇರಿದ್ದು. ಒಣಗಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು. ಬಾಗಿಲ ಸಂದಿ, ಹೊಲಿಗೆ ಯಂತ್ರದ ಹಲ್ಲು, ಟ್ರಂಕಿನ ಮಡಿಕೆ, ಎಲ್ಲಿ ಗಾಳಿ ಹೋಗುತ್ತದೋ ಅಲ್ಲೆಲ್ಲ ಅದು ಕುಳಿತಿತ್ತು. ಬೆರಳಿನಿಂದ ಒರೆಸಿದರೆ ಹೋಗುವುದು, ಮರುದಿನ ಮತ್ತೆ ಅಲ್ಲೇ ಇರುವುದು.

ದೀಪಾವಳಿಗೆ ಮೊದಲು ಮಹಾರಾಷ್ಟ್ರ ಪಾಸಿಂಗಿನ ಗಾಡಿಗಳು ಇದ್ದಕ್ಕಿದ್ದಂತೆ ಅಗ್ಗವಾದವು. ಗಡಿಯ ಆಚೆಯ ಒಬ್ಬ ದಲ್ಲಾಳಿ ಮೂರು ವರ್ಷದ ಬಿಳಿ ಸೆಡಾನ್‌ನ ಫೋಟೊ ಕಳಿಸಿದ. ಮಾರುಕಟ್ಟೆಗಿಂತ ಒಂದೂವರೆ ಲಕ್ಷ ಕಡಿಮೆ. ಫೋಟೊ ನೋಡಿಯೇ ಐವತ್ತು ಸಾವಿರ ಇಸಾರ ಹಾಕಿದೆ. ಹಬ್ಬದ ಆಸೆ. ಗಾಡಿ ತರಲು ನಾನೂ ಚಾಚಾನೂ ಮಿರಜಿಗೆ ಹೋದೆವು. ಹೊಳೆಯುತ್ತಿತ್ತು. ಬಾಗಿಲು ತೆರೆದರೆ ಮಲ್ಲಿಗೆಯ ಸೆಂಟು. ಎಂಜಿನ್ ಒಂದೇ ಸಲಕ್ಕೆ ಹಿಡಿಯಿತು. ಚಾಚಾ ಬಾನೆಟ್ ಕಡೆ ಹೋದರು. ನಾನು ಸೀಟಿನಲ್ಲಿ ಕುಳಿತು ಬೆಲ್ಟ್ ಎಳೆದೆ. ಎಲ್ಲರೂ ಹಾಕಿಕೊಳ್ಳುವಷ್ಟು ಎಳೆದು ಬಿಡುತ್ತಾರೆ. ನಾನು ಅದರ ಸುರುಳಿ ಮುಗಿಯುವವರೆಗೆ ಪೂರ್ತಿ ಎಳೆದೆ. ಕೊನೆಯ ಒಂದೂವರೆ ಗೇಣಿನಲ್ಲಿ ಬೆಲ್ಟಿನ ಕಪ್ಪು ಬಣ್ಣ ಬೂದುಬಣ್ಣವಾಗಿತ್ತು. ನಡುವೆ ಗೆರೆ ಎಳೆದಂತೆ ಒಂದು ಅಂಚು. ಬೆರಳಾಡಿಸಿದೆ. ಪೌಡರಿನಷ್ಟು ನುಣುಪು. ಆ ಸೆಂಟಿನ ಅಡಿಯಿಂದ ಅದೇ ವಾಸನೆ ಮೇಲೆದ್ದು ಬಂತು. ಎರಡು ತಿಂಗಳ ಹಿಂದೆ ಒಬ್ಬ ಮುದುಕಿಯ ಟ್ರಂಕಿನಿಂದ ಒರೆಸಿದ ಮಣ್ಣು ಇದೇ.

ಆಮೇಲೆ ಉಳಿದದ್ದನ್ನೂ ನೋಡಿದೆವು. ಸೀಟಿನ ಹಳಿಯ ಬೋಲ್ಟುಗಳಿಗೆ ಹೊಸ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯ ಮೂಲೆಯಲ್ಲಿ ಮಣ್ಣು, ಒಂದು ಹೆಡ್‌ಲೈಟಿನ ಒಳಗೆ ತೇವದ ಮಂಜು, ಡ್ಯಾಶ್‌ಬೋರ್ಡಿನ ಅಡಿಯ ವೈರಿನ ಕನೆಕ್ಟರುಗಳಲ್ಲಿ ಹಸಿರು ಕಿಲುಬು. ಇಂಥ ಗಾಡಿ ನಾಲ್ಕು ತಿಂಗಳು ಓಡಬಹುದು, ಒಂದು ವರ್ಷವೂ ಓಡಬಹುದು. ಆಮೇಲೆ ಒಂದು ದಿನ ಓಡುತ್ತಿರುವಾಗಲೇ ಲೈಟು ಆರಬಹುದು, ಅಪಘಾತವಾದಾಗ ಏರ್‌ಬ್ಯಾಗ್ ತೆರೆಯದೇ ಇರಬಹುದು. ಗಾಡಿ ಬೇಡ ಎಂದೆ. ಇಸಾರ ಮರಳಿ ಬರಲಿಲ್ಲ. “ಸಾವಕಾರರೇ, ನಿಮ್ಮ ಗಿರಾಕಿ ಬೆಲ್ಟು ಎಳೆದು ನೋಡುತ್ತಾನೆಯೇ?” ಎಂದು ದಲ್ಲಾಳಿ ಕೇಳಿದ. ಅವನು ಹೇಳಿದ್ದು ಸರಿ, ನೋಡುವುದಿಲ್ಲ. ಅದಕ್ಕೇ ಊರಿಗೆ ಬಂದ ಮೇಲೆ ಅಂಗಡಿಯ ಮುಂದೆ ಒಂದು ಹಳೆಯ ಗಾಡಿ ನಿಲ್ಲಿಸಿ, ಎರಡು ಭಾನುವಾರ ಬಂದಬಂದವರಿಗೆಲ್ಲ ಬೆಲ್ಟು ಎಳೆಯುವುದು, ಕಾರ್ಪೆಟ್ ಎತ್ತುವುದು, ಸ್ಟೆಪ್ನಿ ತೆಗೆಯುವುದನ್ನು ಕೈಯಾರೆ ಮಾಡಿಸಿ ಕಲಿಸಿದೆ. ನನ್ನಲ್ಲಿ ಕೊಳ್ಳದವರೂ ಕಲಿತು ಹೋದರು. ಈಗಲೂ ಸಂತೆಯ ದಿನ ಯಾರಾದರೂ ಬಂದು ಕೇಳಿದರೆ ತೋರಿಸುತ್ತೇನೆ.

ಹೊರರಾಜ್ಯದ ಗಾಡಿಯ ಬಗ್ಗೆ ಇನ್ನೊಂದು ಮಾತು. ಅಗ್ಗವೆಂದು ಕೊಳ್ಳುವವರು ಮೂಲ ಆರ್‌ಟಿಒದ ಎನ್‌ಒಸಿ, ಅಂದರೆ ಫಾರ್ಮ್ 28, ಮತ್ತು ಇಲ್ಲಿ ಕಟ್ಟಬೇಕಾದ ಜೀವಾವಧಿ ತೆರಿಗೆಯನ್ನು ಲೆಕ್ಕ ಹಿಡಿಯುವುದಿಲ್ಲ. ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಓಡಿಸುವುದಾದರೆ ಇಲ್ಲಿಯ ನಂಬರು ಬೇಕೇ ಬೇಕು. ಇದನ್ನೆಲ್ಲ ಕೂಡಿಸಿದರೆ ಎಷ್ಟೋ ಸಲ ನಮ್ಮ ಜಮಖಂಡಿಯ ಕೆಎ 48ರ ಗಾಡಿಯೇ ಅಗ್ಗ.

ಸಭೆ ಶುರುವಾದ ಮೇಲೆ ನನಗೆ ಸ್ಥಾಯಿ ಸಮಿತಿಯಲ್ಲಿ ಜಾಗ ಸಿಕ್ಕಿತು. ಭಾಷಣ ನನಗೆ ಬರುವುದಿಲ್ಲ. ಕಸದ ಗಾಡಿ ಅರ್ಥವಾಗುತ್ತಿತ್ತು. ಊರಿಗೆ ಆರು ಆಟೊ ಟಿಪ್ಪರ್ ಇದ್ದವು, ಓಡುತ್ತಿದ್ದವು ಎರಡು. ಉಳಿದ ನಾಲ್ಕಕ್ಕೆ ಬದಲು ಹೊಸ ಗಾಡಿ ಕೊಳ್ಳಬೇಕೆಂದು ಠರಾವಿಗೆ ಕರಡು ಸಿದ್ಧವಾಗಿತ್ತು. ಒಂದು ದಿನದ ಮಟ್ಟಿಗೆ ತಡೆಯಿರಿ ಎಂದು ಕೇಳಿಕೊಂಡು ಚಾಚಾನನ್ನು ಕರೆದುಕೊಂಡು ಹೋದೆ. ಒಂದರ ಬ್ಯಾಟರಿ ಸತ್ತಿತ್ತು. ಎಂಜಿನ್ ನಿಲ್ಲಿಸಿ ಸ್ಪೀಕರಿನ ಹಾಡು ಹಚ್ಚಿಟ್ಟದ್ದರಿಂದ. ಇನ್ನೊಂದರ ಹೈಡ್ರಾಲಿಕ್ ಪೈಪು ಸೋರಿ ಡಾಲೆ (ಕಸದ ತೊಟ್ಟಿ) ಏಳುತ್ತಿರಲಿಲ್ಲ. ಮೂರನೆಯದಕ್ಕೆ ಕ್ಲಚ್ ಪ್ಲೇಟ್. ನಾಲ್ಕನೆಯದರ ತಳವನ್ನು ಹಸಿ ಕಸದ ನೀರು ಪೂರ್ತಿ ತಿಂದಿತ್ತು, ಅದೊಂದು ನಿಜವಾಗಿಯೂ ಮುಗಿದಿತ್ತು. ಮೂರು ಗಾಡಿ ಹತ್ತು ದಿನಗಳಲ್ಲಿ ರಸ್ತೆಗೆ ಬಂದವು.

ಅದಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಹತ್ತು ರೂಪಾಯಿಯ ನೋಟುಪುಸ್ತಕ. ಪ್ರತಿ ಟಿಪ್ಪರಿನಲ್ಲೂ ಒಂದು ಪುಸ್ತಕ ಕಟ್ಟಿಸಿದೆ. ಮೀಟರ್ ಎಷ್ಟು, ಡೀಸೆಲ್ ಎಷ್ಟು, ಏನು ಸದ್ದು, ಯಾರ ಸಹಿ. ಚಾಲಕರು ಮೊದಲು ಹೆದರಿದರು, ತಪ್ಪು ಹಿಡಿಯಲು ಮಾಡಿದ್ದು ಎಂದುಕೊಂಡರು. ಹಿರಿಯ ಪೌರಕಾರ್ಮಿಕಳೊಬ್ಬಳು ಎದ್ದು, “ನಾವು ಸದ್ದು ಬರುತ್ತಿದೆ ಎಂದು ಹೇಳಿದ್ದೆವು ಸರ್, ಕೇಳಿಸಿಕೊಂಡವರು ಯಾರು? ಈಗ ಬರೆದು ಇಡುತ್ತೇವೆ” ಎಂದಳು. ಆಕೆ ಹೇಳಿದ ಮೇಲೆ ಎಲ್ಲರೂ ಬರೆದರು. ಆಕೆಗೆ ಅಕ್ಷರ ಬಾರದು. ಆಕೆಯ ಗಾಡಿಯ ಪುಸ್ತಕವನ್ನು ಮಗಳು ರಾತ್ರಿ ಕುಳಿತು ತುಂಬುತ್ತಿದ್ದಳು. ಮುಂದಿನ ಸಭೆಯಲ್ಲಿ ಆ ಪುಸ್ತಕಗಳನ್ನು ಮೇಜಿನ ಮೇಲಿಟ್ಟೆ. ರಿಪೇರಿಯ ಬಿಲ್ಲು ಬಂದಾಗಲೆಲ್ಲ ಪುಸ್ತಕದ ಪುಟ ಕೇಳುವುದು ಅಲ್ಲಿಂದ ರೂಢಿಯಾಯಿತು. ಕೆಲವರಿಗೆ ಇದು ಹಿಡಿಸಲಿಲ್ಲ, ತನ್ನ ಗ್ಯಾರೇಜಿಗೆ ಕೆಲಸ ಹೊಡೆಯಲು ಮಾಡುತ್ತಿದ್ದಾನೆ ಎಂಬ ಮಾತು ಎದ್ದಿತು. ಸದಸ್ಯನಾಗಿದ್ದಷ್ಟು ಕಾಲ ಪುರಸಭೆಯ ಒಂದು ಗಾಡಿಯನ್ನೂ ನನ್ನ ಅಂಗಳದೊಳಗೆ ಬಿಟ್ಟುಕೊಳ್ಳಲಿಲ್ಲ, ಒಂದು ಗಾಡಿಯನ್ನೂ ಅವರಿಗೆ ಮಾರಲಿಲ್ಲ. ಆ ಮಾತು ತಾನಾಗಿ ಇಳಿಯಿತು.

ಅವಧಿ ಮುಗಿಯಿತು. ಪ್ರತಿ ನವೆಂಬರಿಗೆ ಶುರುವಾಗುವ ಇನ್ನೊಂದು ಕೆಲಸ ಮಾತ್ರ ನಿಂತಿಲ್ಲ, ಅದು ಸದಸ್ಯನಾಗುವ ಮೊದಲೇ ಶುರುವಾದದ್ದು. ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ನಮ್ಮ ರಸ್ತೆಗಳಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತವೆ. 2014ರ ಡಿಸೆಂಬರಿನಲ್ಲಿ ನಾನು ಮಾರಿದ ಒಂದು ಆಲ್ಟೊ ಮರಳಿ ನನ್ನ ಅಂಗಳಕ್ಕೆ ಕ್ರೇನಿನಲ್ಲಿ ಬಂತು. ಮುಂಭಾಗಕ್ಕೆ ಏನೂ ಆಗಿರಲಿಲ್ಲ. ಗಾಜಿನಿಂದ ಮೇಲೆ ತಗಡು ಹಿಂದಕ್ಕೆ ಮಡಚಿಕೊಂಡಿತ್ತು. ನಿಂತ ಟ್ರೇಲರಿನ ಕಬ್ಬಿನ ಅಡಿಗೆ ಹೋಗಿತ್ತು. ಸೀಟಿನ ಮೇಲೆ ಕಬ್ಬಿನ ಎಲೆಗಳಿದ್ದವು. ಹುಡುಗನಿಗೆ ಇಪ್ಪತ್ತಾರು. ಆ ಗಾಡಿಯ ಡೆಲಿವರಿ ಚೀಟಿ ನನ್ನ ಕಡತದಲ್ಲಿದೆ, ಅವನ ಸಹಿಯೂ ಇದೆ. ಟ್ರೇಲರಿಗೆ ನಂಬರೇ ಇರಲಿಲ್ಲ.

ಮರುವಾರದಿಂದ ನಾನು, ಚಾಚಾ, ಗ್ಯಾರೇಜಿನ ಹುಡುಗರು ಕಾರ್ಖಾನೆಯ ಸಾಲಿನಲ್ಲಿ ನಿಂತ ಟ್ರೇಲರುಗಳಿಗೆ ಹೊಳೆಯುವ ಪಟ್ಟಿ ಅಂಟಿಸತೊಡಗಿದೆವು. ಹಿಂದೆ ಕೆಂಪು, ಬದಿಗೆ ಹಳದಿ. ಮೊದಲ ವರ್ಷ ಅಂಟಿಸಿದ್ದು ಅರ್ಧಕ್ಕರ್ಧ ಉದುರಿತು. ಧೂಳಿನ ಮೇಲೆ ಯಾವ ಅಂಟೂ ನಿಲ್ಲುವುದಿಲ್ಲ. ಮೊದಲು ಸೀಮೆಎಣ್ಣೆಯ ಬಟ್ಟೆ, ಆಮೇಲೆ ಒಣ ಬಟ್ಟೆ, ಅಂಟಿಸಿದ ಮೇಲೆ ಅಂಗೈಯಿಂದ ಇಪ್ಪತ್ತು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಇನ್ನೊಂದು ತಪ್ಪನ್ನು ತಿದ್ದಲು ಎರಡು ಹಂಗಾಮು ಬೇಕಾಯಿತು. ಕಬ್ಬು ಹೇರಿದಾಗ ಅದರ ತುದಿಗಳು ಹಿಂದಕ್ಕೆ ಜೋತು ಪಟ್ಟಿಯನ್ನು ಮುಚ್ಚಿಬಿಡುತ್ತವೆ. ಈಗ ಒಂದು ಗಜ ಗೋಣಿ ತಟ್ಟಿಗೆ ಪಟ್ಟಿ ಹೊಲಿಸಿ, ಎರಡೂ ತುದಿಗೆ ಹಗ್ಗ ಕಟ್ಟಿ ಚಾಲಕರ ಕೈಗೆ ಕೊಡುತ್ತೇವೆ. ಹೇರಿದ ಮೇಲೆ ಕಬ್ಬಿನ ಹೊರೆಗೇ ಅದನ್ನು ಕಟ್ಟಬೇಕು, ಇಳಿಸಿದ ಮೇಲೆ ಬಿಚ್ಚಿಕೊಳ್ಳಬೇಕು. ಹೊಲಿದು ಕೊಡುವವಳು ಆ ಹೊಲಿಗೆ ಅಂಗಡಿಯ ಹೆಣ್ಣುಮಗಳು.

ಕಳೆದ ಹಂಗಾಮಿನಲ್ಲಿ ಒಂದು ರಾತ್ರಿ ಸಾಲಿನ ಕೊನೆಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯಲು ಬಂದವರ ಎತ್ತಿನ ಗಾಡಿ ನಿಂತಿತ್ತು. ಹತ್ತು ಹನ್ನೆರಡರ ಹುಡುಗನೊಬ್ಬ ಬಂದು ನಮ್ಮ ಚೀಲದೊಳಗೆ ಇಣುಕಿ, ತನ್ನ ಗಾಡಿಗೂ ಬೇಕು ಎಂದ. ಹಿಂದಿನ ಹಲಗೆಗೆ ಕೆಂಪು ಅಂಟಿಸಿ, ನೊಗದ ಎರಡು ತುದಿಗೂ ಒಂದೊಂದು ಬಿಳಿಯ ಪಟ್ಟಿ ಸುತ್ತಿದೆವು. ಎತ್ತು ಬೆದರಿ ತಲೆ ಕೊಡವಿತು, ಹುಡುಗ ಅದರ ಕೊರಳು ಸವರಿದ. ಆಮೇಲೆ ನನ್ನ ಕೈಯಲ್ಲಿದ್ದ ಬ್ಯಾಟರಿ ಕಸಿದುಕೊಂಡು ಕತ್ತಲಲ್ಲಿ ಓಡಿದ. ನೂರು ಹೆಜ್ಜೆ ಆಚೆ ನಿಂತು ನಮ್ಮತ್ತ ಬೆಳಕು ಬಿಟ್ಟು, ಕಾಣಿಸುತ್ತಿದೆ, ಕಾಣಿಸುತ್ತಿದೆ ಎಂದು ಮರಾಠಿಯಲ್ಲಿ ಕೂಗಿದ. ಇನ್ನೂ ದೂರ ಹೋಗಿ ನೋಡು ಎಂದೆ. ಅವನು ಮತ್ತೆ ಓಡಿದ.